ಗೌಡರ ಮನೆಯಿಂದ ಬಂದ ಹಸಿರು ಬಳೆ

ಮದೀನಾಬಿ ಯಾರಿಗೂ ಬಳೆ ಕಟ್ಟಿಕೊಟ್ಟು ಕಳಿಸಿದವಳಲ್ಲ. ಬಳೆ ಬೇಕಾದರೆ ಅವಳ ಮುಂದೆ ಕುಳಿತು ಕೈ ಚಾಚಬೇಕು, ಅವಳೇ ಇಡಬೇಕು. ಮಗಳ ಊರಿಗೆ ಒಯ್ಯುತ್ತೇನೆ, ಒಂದು ಡಜನ್ ಕೊಡು ಎಂದು ಯಾರಾದರೂ ಕೇಳಿದರೆ, "ಮಗಳನ್ನ ಕರಕೊಂಡ ಬರ್ರಿ, ಇಲ್ಲಾ ನಾನ ಅಕಿ ಊರಿಗೆ ಹೋಗತೇನಿ" ಎಂದು ಮಲಾರ ಹೆಗಲಿಗೇರಿಸಿ ಎದ್ದೇಬಿಡುತ್ತಿದ್ದಳು. ಮಲಾರವೆಂದರೆ ಹಗ್ಗಕ್ಕೆ ಪೋಣಿಸಿದ ಬಳೆಗಳ ದೊಡ್ಡ ಕಂತೆ. ಓಣಿಯ ತಿರುವಿನಲ್ಲಿ ಅವಳು ಕಾಣುವ ಮೊದಲೇ ಅದರ ಸದ್ದು ಕೇಳುತ್ತಿತ್ತು, ನಾವು ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಓಡುತ್ತಿದ್ದೆವು.

ಅವಳು ಕೈ ಹಿಡಿದಳೆಂದರೆ ಮೊದಲು ಅಂಗೈಯನ್ನು ಚೆನ್ನಾಗಿ ಹಿಸುಕುವಳು. ಹೆಬ್ಬೆರಳನ್ನು ಒಳಗೆ ಮಡಚುವಳು. ಬಳೆ ಗೆಣ್ಣಿಗೆ ಬಂದು ನೋವಾಗುವ ಹೊತ್ತಿಗೆ ಸರಿಯಾಗಿ ಏನಾದರೊಂದು ಕೇಳುವಳು. "ನಿಮ್ಮ ಅತ್ತಿ ಇನ್ನೂ ಬೈತಾಳೇನ ಬೇ?" ಉತ್ತರ ಹುಡುಕುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು. ಇಡುವಾಗ ಒಡೆದದ್ದು ಅವಳ ಲೆಕ್ಕ. ಕೊನೆಗೆ ಲೆಕ್ಕಕ್ಕೆ ಹಿಡಿಯದೆ ಮೇಲೊಂದು ಬಳೆ ತಾನಾಗಿಯೇ ಇಡುವಳು. ಆಮೇಲೆ ಇಡಿಸಿಕೊಂಡವರು ತುಂಬಿದ ಕೈಗಳನ್ನು ಜೋಡಿಸಿ ಅವಳಿಗೆ ನಮಸ್ಕಾರ ಮಾಡಬೇಕು. ಒಕ್ಕಲಿಗರ ಮನೆಯವಳಿರಲಿ, ಕುರಿ ಕಾಯುವವಳಿರಲಿ, ಗೌಡರ ಸೊಸೆಯೇ ಇರಲಿ, ಆ ಹೊತ್ತಿನಲ್ಲಿ ತಲೆ ಬಾಗುವುದು ಬಳೆಗಾರ್ತಿಗೆ. ಯಾರಾದರೂ ಮರೆತರೆ ಮದೀನಾಬಿ ಬೈಯುತ್ತಿರಲಿಲ್ಲ. ಕುಳಿತಲ್ಲೇ ಕುಳಿತು ಮುಖ ನೋಡುತ್ತಿದ್ದಳು, ಅಷ್ಟೆ.

ಈಗ ನನ್ನ ಮೊಮ್ಮಕ್ಕಳು ಡಬ್ಬಿಯಲ್ಲಿ ಬಳೆ ತರುತ್ತಾರೆ, ತಾವೇ ಇಟ್ಟುಕೊಳ್ಳುತ್ತಾರೆ, ಯಾರಿಗೂ ಕೈ ಮುಗಿಯುವುದಿಲ್ಲ. ನೋಡಿದರೆ ನನಗೆ ಮೈ ಉರಿಯುತ್ತದೆ. ಹೇಳಿದರೆ ನಗುತ್ತಾರೆ. ನಗಲಿ ಬಿಡಿ.

ಅವಳ ಮನೆ ವಿಜಾಪುರದಲ್ಲಿ, ಕೋಟೆ ಗೋಡೆಗೆ ಹತ್ತಿದ ಒಂದು ಓಣಿಯಲ್ಲಿತ್ತು. ಟಾಂಗಾ ಹೊಡೆಯುತ್ತಿದ್ದ ಗಂಡ ಮುರ್ತುಜಾಸಾಬ ಜ್ವರದಲ್ಲಿ ತೀರಿಕೊಂಡ ಮೇಲೆ ಮಲಾರ ಹೊತ್ತವಳು. ಊರಿನವರಿಗೆಲ್ಲ ಬಳೆ ಇಡುವವಳ ಕೈ ಮಾತ್ರ ಬರಿದಾಗಿತ್ತು. ಮೋಟಾರಿನಲ್ಲಿ ತಿಕೋಟಾಕ್ಕೆ ಬಂದು, ಅಲ್ಲಿಂದ ಹಳ್ಳಿ ಹಳ್ಳಿ ನಡೆಯುತ್ತ ಬಬಲೇಶ್ವರಕ್ಕೆ ಹೋಗಿ, ಅಲ್ಲಿ ಅಕ್ಕ ರಹಿಮಾಬಿಯ ಮನೆಯಲ್ಲಿ ಉಳಿದು ಮತ್ತೆ ಪೇಟೆಗೆ ಮರಳುತ್ತಿದ್ದಳು. ಅವಳ ಆ ದಾರಿಯ ನಡುವೆ ನಮ್ಮೂರು.

ನಾನು ಆ ಊರಿಗೆ ಸೊಸೆಯಾಗಿ ಬಂದು ವರ್ಷ ಕಳೆಯುವಷ್ಟರಲ್ಲಿ ನನಗೆ ತವರು ಅಂತ ಉಳಿಯಲಿಲ್ಲ. ಕನಮಡಿಯ ಕಡೆಯವಳು ನಾನು. ಅವ್ವ, ಅಪ್ಪ ಇಬ್ಬರೂ ಬೇಗ ಹೋದರು. ಸಾಕಿದ ಸೋದರತ್ತೆ ನನ್ನ ತಲೆಯ ಮೇಲೆ ಅಕ್ಕಿಕಾಳು ಬೀಳುವುದನ್ನು ನೋಡಿ, ಆ ವರ್ಷವೇ ಕಣ್ಣು ಮುಚ್ಚಿದಳು. ಗಂಡನ ಮನೆಯಲ್ಲಿ ಊಟಕ್ಕೆ, ಬಟ್ಟೆಗೆ ಕಡಿಮೆ ಇರಲಿಲ್ಲ. ಆದರೆ ಬಸುರಾದಾಗ ತವರಿಲ್ಲದವಳ ಕೊರತೆ ಏನೆಂದು ತಿಳಿಯಿತು. ನಮ್ಮ ಕಡೆ ಚೊಚ್ಚಲ ಬಸುರಿಗೆ ಕುಬಸ ಮಾಡುತ್ತಾರೆ. ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ತರುತ್ತಾರೆ. ಆಮೇಲೆ ಹೆರಿಗೆಗೆ ತವರಿಗೇ ಕರೆದೊಯ್ಯುತ್ತಾರೆ. ನನಗೆ ಯಾರು ತರುತ್ತಾರೆ? ಅತ್ತೆ ದುಂಡವ್ವ ಒಳ್ಳೆಯವರು, "ನಾನ ಮಾಡತೇನಿ ಬಿಡು" ಅಂದರು. ಆದರೆ ಅದು ತವರಿನದಾಗುತ್ತದೆಯೆ? ನಾನು ಹಿತ್ತಿಲಿಗೆ ಹೋಗಿ ಕಣ್ಣೀರು ಹಾಕಿದೆ.

ನಾನು ಬಸುರಿ ಎಂದು ಅತ್ತೆಗಿಂತ ಮೊದಲು ತಿಳಿದುಕೊಂಡವಳು ಮದೀನಾಬಿಯೇ. ಕೈ ಹಿಸುಕಿ ನೋಡಿ, "ಮಣಿಕಟ್ಟ ತುಂಬ್ಯಾವಲ್ಲ ಮುರಿಗೆವ್ವಾ, ಮನ್ಯಾಗ ಹೇಳಿಯೋ ಇಲ್ಲೋ?" ಅಂದಿದ್ದಳು. ಕುಬಸದ ಕೊರಗನ್ನು ನಾನು ಹೇಳಿಕೊಂಡದ್ದೂ ಅವಳೊಬ್ಬಳ ಮುಂದೆಯೇ. ಅವಳು ಬಳೆ ಇಟ್ಟು ಮುಗಿದ ಮೇಲೂ ನನ್ನ ಕೈ ಬಿಡಲಿಲ್ಲ.

ಅದು ನಲವತ್ತೊಂಬತ್ತನೆಯ ಇಸವಿ. ಸ್ವರಾಜ್ಯ ಬಂದ ಮೇಲೆ ನಮ್ಮೂರಿಗೆ ಮೊದಲ ಸಲ ಪಂಚಾಯ್ತಿ ಚುನಾವಣೆ ಬಂತು. ಗಂಡಸರು ಹೆಂಗಸರು ಎಲ್ಲರೂ ಓಟು ಹಾಕಬಹುದಂತೆ ಎಂದು ಡಂಗುರ ಸಾರಿದಾಗ ಹೆಂಗಸರು ಮೊದಲು ನಕ್ಕರು, ಆಮೇಲೆ ಯಾವ ಸೀರೆ ಉಡುವುದೆಂದು ಯೋಚಿಸತೊಡಗಿದರು. ನಮ್ಮ ಓಣಿಯ ಜಾಗಕ್ಕೆ ಇಬ್ಬರು ನಿಂತರು. ಒಬ್ಬರು ಗುರಲಿಂಗಪ್ಪಗೌಡರು. ಅವರ ಅಪ್ಪನೂ ಗೌಡ, ಅಜ್ಜನೂ ಗೌಡ. ಊರು ತಮ್ಮದೇ ಇರುವಾಗ ಊರನ್ನೇ ಕೇಳುವುದೇಕೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಇನ್ನೊಬ್ಬರು ನನ್ನ ಮಾವ ಶಿವಯೋಗೆಪ್ಪ.

ಮಾವ ನಲವತ್ತೆರಡರ ಚಳವಳಿಯಲ್ಲಿ ಊರ ಚಾವಡಿಗೆ ಬೆಂಕಿ ಹಚ್ಚಿದವರಲ್ಲಿ ಒಬ್ಬರು. ಸರಕಾರಕ್ಕೆ ಅವರ ಹೆಸರು ಹೇಳಿದ್ದು ಇದೇ ಗೌಡರು. ಜೈಲಿನಿಂದ ಬಂದ ಮೇಲೆ ಮಾವ ಮೆತ್ತಗಾಗಿದ್ದರು. ಸುಟ್ಟ ಚಾವಡಿಗೆ ಮತ್ತೆ ತೊಲೆ ಏರಿಸುವಾಗ ಯಾರೂ ಕರೆಯದೆ ಹೋಗಿ ಕೈ ಹಚ್ಚಿದರು. ನಗುವವರು ನಕ್ಕರು. "ಸುಡಾಕ ಒಂದ ಕಡ್ಡಿ ಸಾಕಾತು. ಕಟ್ಟಾಕ ಎಷ್ಟ ಮಂದಿ ಬೇಕು ನೋಡ್ರಿ" ಎಂದಷ್ಟೇ ಮಾವ ಹೇಳಿದ್ದು. ಅದೇ ಚಾವಡಿಯಲ್ಲಿ ಈಗ ಓಟಿನ ಪೆಟ್ಟಿಗೆ ಇಡುವವರಿದ್ದರು.

ಚುನಾವಣೆ ಹತ್ತಿರ ಬಂದಂತೆ ಊರು ಎರಡಾಯಿತು. ಬಾವಿಯಲ್ಲಿ ಹಗ್ಗ ಬೇರೆ, ಕಟ್ಟೆಯಲ್ಲಿ ಜಾಗ ಬೇರೆ. ತಿಕೋಟಾದ ಸಂತೆಯಲ್ಲಿ ಗೌಡರ ಕೈಯಾಳು ಯಲಗೂರಪ್ಪ ಎಲ್ಲರ ಕಣ್ಣೆದುರು ಮಾವನ ರುಮಾಲು ಕಿತ್ತು ಧೂಳಿಗೆ ಎಸೆದ. ಮಾವ ಬಗ್ಗಿ ಅದನ್ನು ಎತ್ತಿಕೊಂಡು ಕೊಡವಿ, "ಇದಕ್ಕ ಉತ್ತರ ಪೆಟಿಗ್ಯಾಗ ಐತಿ ತಮ್ಮಾ" ಎಂದು ಹೇಳಿ ಮನೆಗೆ ಬಂದುಬಿಟ್ಟರು. ನಮ್ಮ ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ಅದು ತಡೆಯಲಾಗಲಿಲ್ಲ. ಹೆಸರು ಹೇಳುವುದಿಲ್ಲ, ಹೇಳಿ ಅಭ್ಯಾಸವಿಲ್ಲ. ಆಗ ಅವರಿಗೆ ಕುದಿವ ವಯಸ್ಸು. ಎರಡು ದಿನ ಊಟ ಬಿಟ್ಟರು. ಕೊಡಲಿಯನ್ನು ಮಸೆದು ಕದದ ಹಿಂದೆ ಇಟ್ಟರು. ಅದನ್ನು ನಾನು ಕಸ ಗುಡಿಸುವಾಗ ಕಂಡೆ. ಹೊಟ್ಟೆಯಲ್ಲಿದ್ದದ್ದು ಅಪ್ಪನ ಮುಖ ನೋಡುತ್ತದೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆ.

ಗೌಡರ ಕಡೆಯವರಿಗೂ ಬೇಕಾಗಿದ್ದದ್ದು ಆ ಕೊಡಲಿಯೇ. ಕಟ್ಟೆಯ ಮಾತಿನಲ್ಲಿ ಅವರಿಗೆ ಗಾಳಿ ಎತ್ತ ಬೀಸುತ್ತಿದೆಯೆಂದು ಗೊತ್ತಾಗಿತ್ತು. ನಮ್ಮವರು ಮೊದಲು ಕೈ ಎತ್ತಬೇಕು. ಆಗ ಬಡಿಯಲು ಅವರ ಜನ ಸಿದ್ಧ. ಓಟು ನಿಂತುಹೋಗುತ್ತದೆ, ಒಮ್ಮೆ ಜೈಲು ಕಂಡ ಮಾವನನ್ನೇ ಪೊಲೀಸರು ಮತ್ತೆ ಒಯ್ಯುತ್ತಾರೆ. ನಮ್ಮವರನ್ನು ಕೆಣಕಲು ಅವರು ಹೂಡಿದ ಉಪಾಯ ಬಳೆಯದು. ಹೊಡೆದಾಟಕ್ಕೆ ಬರದ ಗಂಡಸಿಗೆ ಸೀರೆ, ಬಳೆ ಕಳಿಸುವುದಕ್ಕಿಂತ ದೊಡ್ಡ ಅವಮಾನ ನಮ್ಮ ಸೀಮೆಯಲ್ಲಿ ಇಲ್ಲ. ಅದರ ಮೇಲೆ ಹೆಣ ಬಿದ್ದದ್ದುಂಟು.

ಓಟಿನ ಹಿಂದಿನ ದಿನ ಮುಂಜಾನೆ ಮದೀನಾಬಿ ಬೇವಿನ ಮರದ ಕೆಳಗೆ ಮಲಾರ ಇಳಿಸಿ ಹೆಂಗಸರ ನಡುವೆ ಕುಳಿತಿದ್ದಳು. ಹಿಂದಿನ ವರ್ಷ ನಿಜಾಮನ ಗಡಿಯಲ್ಲಿ ಗದ್ದಲ ಎದ್ದಾಗ ಅವಳು ಎಷ್ಟೋ ತಿಂಗಳು ಹಳ್ಳಿಗಳ ಕಡೆ ಬಂದಿರಲಿಲ್ಲ. ಮತ್ತೆ ಬಂದಾಗ ಹೆಂಗಸರು ಹಳೆಯ ಬಳೆಗಳಲ್ಲೇ ಕಾದಿದ್ದರು, ಬೇರೆಯವರಿಂದ ಇಡಿಸಿಕೊಂಡಿರಲಿಲ್ಲ. ಆ ನೆನಪಿನ ಸಂತೋಷ ಅವಳಲ್ಲಿ ಇನ್ನೂ ಇತ್ತು. ಅಲ್ಲಿಗೆ ಯಲಗೂರಪ್ಪ ಬಂದ.

"ಗೌಡ್ರ ಬಳಗದಾಗ ಕುಬಸ ಐತಿ. ಹಸರ ಬಳಿ ಕೊಡು."

"ಹುಡಿಗಿ ಎಲ್ಲಿ? ನಡಿ, ನಾನ ಬಂದ ಇಡತೇನಿ."

"ಹೊನವಾಡದಾಗ ಅದಾಳ. ಬಂಡಿ ಈಗ ಹೊಂಟೈತಿ, ನಿನ್ನ ಕಾಯಾಕ ಆಗಂಗಿಲ್ಲ."

"ಕೈ ಅಳತಿ?"

ಯಲಗೂರಪ್ಪ ತಡವರಿಸಿದ. "ದೊಡ್ಡವ ಕೊಡು. ಕೈ ಭಾಳ ದೊಡ್ಡವು."

ಕೈಗೆ ಕೊಡುವುದಿಲ್ಲವೆಂಬುದು ಅವಳ ನೇಮ. ಆದರೆ ಬಸುರಿಯ ಬಳೆಯನ್ನು ಇಲ್ಲವೆನ್ನಲು ಬಾಯಿ ಬರಲಿಲ್ಲ. ಇಷ್ಟು ದೊಡ್ಡ ಕೈಯ ಬಸುರಿ ಯಾವ ಊರಿನವಳಪ್ಪಾ ಎಂದು ಮನಸ್ಸಿನಲ್ಲೇ ನಕ್ಕು, ಜೀವನದಲ್ಲಿ ಮೊದಲ ಸಲ ಬಳೆ ಕಟ್ಟಿಕೊಟ್ಟಳು. ಮೇಲೊಂದನ್ನೂ ಸೇರಿಸಿದಳು.

ಸ್ವಲ್ಪ ಹೊತ್ತಿಗೆ ಹಲಗೆ ಬಡಿಯುವ ಸದ್ದು ಕೇಳಿತು. ಯಲಗೂರಪ್ಪ ತಲೆಯ ಮೇಲೆ ಮೊರ ಹೊತ್ತು ಬರುತ್ತಿದ್ದ, ಮೊರದಲ್ಲಿ ಒಂದು ಹಸಿರು ಸೀರೆ, ಅದರ ಮೇಲೆ ಹಸಿರು ಬಳೆ. ಹಿಂದೆ ಗೌಡರ ಕಡೆಯ ಹುಡುಗರ ನಗೆ, ಸಿಳ್ಳೆ. ಹೊನವಾಡಕ್ಕೆ ಹೊರಟ ಬಂಡಿ ಎಲ್ಲೂ ಇರಲಿಲ್ಲ. ಮೆರವಣಿಗೆ ನಮ್ಮ ಮನೆಯ ಕಡೆ ತಿರುಗಿದ್ದನ್ನು ನೋಡಿದಾಗ ತನ್ನ ಬಳೆ ಯಾವ ಕೆಲಸಕ್ಕೆ ಹೊರಟಿದೆಯೆಂದು ಮದೀನಾಬಿಗೆ ಗೊತ್ತಾಯಿತು. ಮಲಾರ ಹೆಗಲಿಗೇರಿಸಿ ಓಡಿದಳು.

ನಾನು ಬಾಗಿಲಲ್ಲಿದ್ದೆ. ಯಲಗೂರಪ್ಪ ಮೊರವನ್ನು ಅಂಗಳದಲ್ಲಿ ಮಾವನ ಕಾಲ ಬಳಿ ಇಟ್ಟು, "ಗೌಡ್ರ ಕೊಟ್ಟ ಕಳಿಸ್ಯಾರ. ಉಟಗೊಂಡ, ಇಟಗೊಂಡ ನಾಳಿ ಚಾವಡಿಗೆ ಬರಬೇಕಂತ" ಅಂದ. ಮಾವ ಮೊರವನ್ನೇ ನೋಡುತ್ತ ನಿಂತರು. ಅಷ್ಟರಲ್ಲಿ ನಮ್ಮ ಮನೆಯವರು ನನ್ನನ್ನು ಬದಿಗೆ ಸರಿಸಿ ಕೊಡಲಿ ಹಿಡಿದು ಹೊರಗೆ ಬಂದರು. ಅವರ ಗೆಳೆಯರು ಗೋಡೆ ಹಾರಿ ಬಂದರು.

"ಬ್ಯಾಡೋ" ಅಂದರು ಮಾವ.

"ಅಪ್ಪಾ, ಇವತ್ತ ಸುಮ್ಮನಿದ್ದರ ನಾ ನಿನ್ನ ಮಗನ ಅಲ್ಲ."

ಕೊಡಲಿ ಮೇಲೆದ್ದಿತ್ತು. ಆಗ ಗುಂಪನ್ನು ಸೀಳಿಕೊಂಡು ಮದೀನಾಬಿ ಬಂದಳು, ನೇರ ಹೋಗಿ ಯಲಗೂರಪ್ಪನಿಗೂ ಕೊಡಲಿಗೂ ನಡುವೆ ಮಲಾರ ಇಳಿಸಿ ಕುಳಿತುಬಿಟ್ಟಳು. ಬಳೆ ಇಡಲು ಕುಳಿತುಕೊಳ್ಳುವಂತೆಯೇ, ಒಂದು ಮೊಣಕಾಲು ಎತ್ತಿ.

"ದುಂಡವ್ವಾ, ಮಣಿ ತರ್ರಿ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. "ತವರ ಇಲ್ಲದ ಹುಡಿಗಿಗೆ ಗೌಡ್ರು ಕುಬಸ ಕಳಿಸ್ಯಾರ! ಹಲಗಿ ಬಡಿಸಿಕೋತ ಕಳಿಸ್ಯಾರ! ಹಿಂತಾ ದೊಡ್ಡ ಮನಸ ಯಾರಿಗೈತಿ ಈ ಸೀಮ್ಯಾಗ?"

ಯಲಗೂರಪ್ಪ ಬಾಯಿ ತೆರೆದ. ಅವಳು ಅವನಿಗೆ ಮಾತಾಡಗೊಡಲಿಲ್ಲ. "ಕುಬಸಕ್ಕಂತ ಹೇಳಿ ನನ್ನ ಕಡೆ ಬಳಿ ತಗೊಂಡೀಯೋ ಇಲ್ಲೋ? ಬೇವಿನ ಗಿಡದ ಕೆಳಗ ಹತ್ತ ಹೆಣ್ಣಮಕ್ಕಳ ಕೇಳ್ಯಾರ. ಬಸರ ಹೆಣ್ಣಿನ ಹೆಸರ ಮ್ಯಾಲ ಸುಳ್ಳ ಹೇಳಿದ್ಯಾ? ಹೇಳಿದ್ದರ ಈಗ ಹೇಳು."

ಯಾವನು ಹೇಳುತ್ತಾನೆ? ಅವನ ಹೆಂಡತಿಯೂ ಆಗ ಬಸುರಿ. ತಲೆ ತಗ್ಗಿಸಿ, "ಕುಬಸಕ್ಕ ಅಂದಿದ್ನಿ" ಅಂದ.

ನನ್ನ ಅತ್ತೆ ಓದಿದವರಲ್ಲ, ಆದರೆ ಇಂಥದು ಅರ್ಥವಾಗಲು ಅವರಿಗೆ ಎರಡನೆಯ ಮಾತು ಬೇಕಿರಲಿಲ್ಲ. ಮಣೆ ತಂದು ಹಾಕಿದರು. ನನ್ನ ರಟ್ಟೆ ಹಿಡಿದು ಕೂಡಿಸಿದರು. ಆಚೀಚೆ ಮನೆಯ ಹೆಂಗಸರು ಆರತಿ ತಂದರು, ಯಾರೋ ಸೋಬಾನೆ ಎತ್ತಿದರು. ಹಲಗೆಯವನು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. "ಬಡಿಯೋ, ಶುಭಕಾರ್ಯ ಐತಿ" ಎಂದು ಮದೀನಾಬಿ ಗದರಿದಳು. ಬಡಿದ. ಆಮೇಲೆ ನಮ್ಮ ಮನೆಯವರತ್ತ ತಿರುಗಿದಳು. "ಹೆಂಗಸರ ಕಾರ್ಯದಾಗ ಕೊಡ್ಲಿ ಹಿಡಕೊಂಡ ನಿಂತಾನ ನೋಡ್ರಿ ಇಂವ! ಕಾಯಿ ಒಡಿಯೋ ಯಪ್ಪಾ." ಅತ್ತೆ ತೆಂಗಿನಕಾಯಿ ಕೈಗಿಟ್ಟರು. ಆ ಕೊಡಲಿಯಿಂದಲೇ ಅವರು ಕಾಯಿ ಒಡೆದರು. ಮುಂದೆ ಅದನ್ನು ಹೇಳಿ ಅವರನ್ನು ಜೀವಮಾನವೆಲ್ಲ ಕಾಡಿದ್ದೇನೆ.

ಬಳೆ ಗಂಡಸಿನ ಅಳತೆಯವು. ನನ್ನ ಕೈಗೆ ಗೆಣ್ಣು ತಾಗದೆ ಇಳಿದವು, ಕೈ ಕೆಳಗೆ ಬಿಟ್ಟರೆ ಜಾರಿ ಬೀಳುತ್ತಿದ್ದವು. "ಮ್ಯಾಲ ಹಿಡಕೋ ಬೇ ಕೈ. ಈ ಸಲ ನೋವಾಗಲಿಲ್ಲ ಹೌದಿಲ್ಲೋ?" ಎಂದು ಕೇಳಿದ ಮದೀನಾಬಿಯ ಕಣ್ಣಲ್ಲಿ ನೀರಿತ್ತು. ನಾನೂ ಅಳುತ್ತಿದ್ದೆ. ಹೆದರಿಕೆಗೋ, ಕುಬಸ ಆಯಿತೆಂಬ ಸಂತೋಷಕ್ಕೋ ನನಗೆ ಇವತ್ತಿಗೂ ಬಿಡಿಸಿ ಹೇಳಲಾಗದು. ಕೈ ಜೋಡಿಸಿ ಅವಳಿಗೆ ನಮಸ್ಕಾರ ಮಾಡಿದೆ.

ತವರಿನಿಂದ ಬಂದ ಮೊರವನ್ನು ಬರಿದಾಗಿ ಕಳಿಸುವಂತಿಲ್ಲ. ಅತ್ತೆ ಅದರಲ್ಲಿ ಬೆಲ್ಲ, ಕೊಬ್ಬರಿ, ಒಂದು ರವಿಕೆಯ ಖಣ ಇಟ್ಟರು. ಒಯ್ಯುವವರು ಯಾರು? ಗೌಡರ ವಾಡೆಯ ಮುಂದೆ ಬಡಿಗೆ ಹಿಡಿದವರು ಕಾಯುತ್ತಿದ್ದರು. ನಮ್ಮವರು ಯಾರು ಹೋದರೂ ಹೊಡೆದಾಟ ಖಂಡಿತ. ಯಲಗೂರಪ್ಪ ಯಾವಾಗಲೋ ಜಾಗ ಖಾಲಿ ಮಾಡಿದ್ದ. "ನನ್ನ ಬಳಿ ಹೋದ ದಾರಿಗೆ ನಾನ ಹೋಗಬೇಕಲ್ಲ" ಎಂದು ಮದೀನಾಬಿ ಮೊರ ಎತ್ತಿಕೊಂಡಳು.

ಅಲ್ಲಿ ನಡೆದದ್ದನ್ನು ಗೌಡರ ಹೆಂಡತಿ ರೇಣುಕವ್ವ ನನಗೆ ಆಮೇಲೆ ಹೇಳಿದರು. ಮದೀನಾಬಿ ವಾಡೆಯ ಕಟ್ಟೆಯ ಮೇಲೆ ಮೊರ ಇಟ್ಟು, "ನಿಮ್ಮ ಮಗಳ ಕುಬಸ ಚಂದಾತ್ರಿ ಗೌಡ್ರ. ಬೀಗರು ಬೆಲ್ಲ ಕಳಿಸ್ಯಾರ" ಅಂದಳಂತೆ. ಬಡಿಗೆ ಹಿಡಿದವರಲ್ಲಿ ಒಬ್ಬ ನಕ್ಕನಂತೆ. ಗೌಡರು ಎದ್ದು ಬಂದು, "ಯಾರ ಮಗಳಲೇ?" ಎಂದು ಅವಳ ಮಲಾರವನ್ನು ಕಿತ್ತು ಕಲ್ಲಿಗೆ ಬಡಿದರು. ಹೊಸದಾಗಿ ಪೇಟೆಯಿಂದ ತಂದ ಸರಕು ಪೂರಾ ಚೂರು. ಅದು ಅವಳ ಹೊಟ್ಟೆಪಾಡು. ಅವಳು ಅಳಲಿಲ್ಲ, ಹಿಂದೆಯೂ ಸರಿಯಲಿಲ್ಲ. ಗೌಡರು ಅವಳನ್ನು ಒದೆಯಲು ಕಾಲು ಎತ್ತಿದಾಗ ರೇಣುಕವ್ವ ಒಳಗಿನಿಂದ ಬಂದರು. ಗಂಡಸರು ಕುಳಿತಲ್ಲಿಗೆ ಅವರು ಬಂದದ್ದು ಅದೇ ಮೊದಲು. ಅವರಿಗೆ ನಾಲ್ಕು ಗಂಡುಮಕ್ಕಳು, ಹೆಣ್ಣಿಲ್ಲ. ಗಂಡನ ಮುಂದೆ ಎರಡೂ ಕೈ ಚಾಚಿ, "ಇವನ್ನೂ ಒಡೀರಿ" ಅಂದರು.

ಮುತ್ತೈದೆಯ ಕೈಬಳೆ ಒಡೆಯುವುದು ಯಾವಾಗ ಎಂದು ಅಲ್ಲಿದ್ದವರಿಗೆಲ್ಲ ಗೊತ್ತು. ಗೌಡರ ಕಾಲು ಕೆಳಗಿಳಿಯಿತು. ರೇಣುಕವ್ವ ಮೊರದಿಂದ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಬಡಿಗೆ ಹಿಡಿದವರಿಗೆ ಹಂಚಿದರು. ಬೀಗರ ಮನೆಯ ಬೆಲ್ಲ ತಿಂದ ಮೇಲೆ ಬೀಗರ ಮನೆಯ ಮೇಲೆ ಹೋಗುವುದು ಹೇಗೆ? ಒಬ್ಬೊಬ್ಬರೇ ಎದ್ದು ಹೋದರು.

ಮರುದಿನ ಓಟು. ನಾನು ಜಾರುವ ಬಳೆಗಳಿಗಾಗಿ ಕೈ ಎತ್ತಿಕೊಂಡೇ ಚಾವಡಿಗೆ ಹೋದೆ. ಗೋಡೆಯ ಮೇಲ್ಭಾಗದಲ್ಲಿ ಹಳೆಯ ಬೆಂಕಿಯ ಮಸಿ ಇನ್ನೂ ಇತ್ತು. ರೇಣುಕವ್ವನೂ ಸಾಲಿನಲ್ಲಿದ್ದರು. ಸಂಜೆ ಗೌಡರು, "ಯಾರಿಗೆ ಹಾಕಿದಿ?" ಎಂದು ಕೇಳಿದರಂತೆ. "ಗುಟ್ಟಾಗಿ ಹಾಕಂತ ಸರಕಾರನ ಹೇಳೈತಲ್ರಿ" ಅಂದರಂತೆ ಅವರು. ಆ ಮಾತನ್ನು ಹೇಳುವಾಗ ಮುದುಕಿಯಾದ ಮೇಲೂ ಅವರ ಮುಖ ಅರಳುತ್ತಿತ್ತು.

ಮಾವ ಗೆದ್ದರು. ಆ ಸಂಜೆ ನಮ್ಮ ಮೇವಿನ ಬಣವೆಗೆ ಬೆಂಕಿ ಇಡುತ್ತಾರೆಂದು ಸುದ್ದಿ ಬಂತು. ಇಡಲಿಲ್ಲ. ಗೌಡರೇ, "ನನ್ನ ಮನಿ ಕುಬಸ ಆದ ಹೆಣ್ಣಮಗಳು ಅದಾಳ ಅಲ್ಲಿ. ಕಡ್ಡಿ ಗೀರಿದವನ ಕೈ ಮುರೀತೇನಿ" ಎಂದರೆಂದು ಯಲಗೂರಪ್ಪನೇ ಬಂದು ಹೇಳಿ ಹೋದ. ಆದರೆ ಗೌಡರು ಮಾವನ ಜೊತೆ ಮಾತಾಡಲಿಲ್ಲ, ಎದುರು ಬಂದರೆ ಮುಖ ತಿರುಗಿಸಿದರು. ಸೋಲು ಅವರಿಗೆ ಹೊಸದು, ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿದಿರಲಿಲ್ಲ.

ಮದೀನಾಬಿ ಬರುವುದು ನಿಂತಿತು. ಸರಕಿಲ್ಲದೆ ಏನು ತರುತ್ತಾಳೆ? ವಿಜಾಪುರದಲ್ಲಿ ಯಾರದೋ ಅಂಗಡಿಯಲ್ಲಿ ಬಳೆ ಪೋಣಿಸಲು ಕೂಡುತ್ತಾಳೆ ಎಂದು ಕೇಳಿದೆ.

ದಿನ ತುಂಬುತ್ತ ಬಂದಾಗ ಒಂದು ಮುಂಜಾನೆ ನಮ್ಮ ಬಾಗಿಲಿಗೆ ಗೌಡರ ಸವಾರಿ ಬಂಡಿ ಬಂದು ನಿಂತಿತು. ರೇಣುಕವ್ವ ಇಳಿದು, ಹೊಸ್ತಿಲಾಚೆಯೇ ನಿಂತು, "ಮಗಳನ್ನ ಹಡ್ಯಾಕ ಕರಕೊಂಡ ಹೋಗಾಕ ಬಂದೇನ್ರಿ ಬೀಗರ" ಅಂದರು. ಮಾವ ಎದ್ದು ನಿಂತರು. "ಗೌಡ್ರು?" ಎಂದಷ್ಟೇ ಕೇಳಿದರು. "ಎತ್ತ ಅವರ ಹೂಡಿ ಕೊಟ್ಟಾರ್ರಿ" ಅಂದರು ರೇಣುಕವ್ವ. ನನಗೂ ತವರಿನ ಬಂಡಿ ಬಂತು ನೋಡಿ! ಊರೊಳಗೇ ಎರಡು ಓಣಿ ದಾಟುವುದಕ್ಕೆ ನಾನು ಕನಮಡಿಗೆ ಹೊರಟವಳಂತೆ ಅತ್ತು, ಎಲ್ಲರಿಗೂ ಹೇಳಿ ಹೋದೆ.

ಗೌಡರ ಮನೆಯಲ್ಲಿ ನನಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ರೇಣುಕವ್ವ ಬಂಡಿಯನ್ನು ವಿಜಾಪುರಕ್ಕೆ ಕಳಿಸಿ ಮದೀನಾಬಿಯನ್ನು ಕರೆಸಿದರು. ಅವಳು ವಾಡೆಯ ಮೆಟ್ಟಿಲಲ್ಲಿ ಸ್ವಲ್ಪ ನಿಂತು, ತನ್ನ ಬಳೆ ಒಡೆದ ಆ ಕಲ್ಲನ್ನು ನೋಡಿ, ಆಮೇಲೆ ಒಳಗೆ ಬಂದಳು. ಕೂಸು ಗೌಡರ ತೊಡೆಯ ಮೇಲಿತ್ತು. ಬೇರೆ ಯಾರು ಎತ್ತಿಕೊಂಡರೂ ಅಳುತ್ತಿತ್ತು, ಅದಕ್ಕೆ ನಾನೇನು ಮಾಡಲಿ? ಮದೀನಾಬಿ ಸೆರಗಿನ ಗಂಟಿನಿಂದ ಚಿಕ್ಕ ಕರಿಬಳೆ ತೆಗೆದಳು. ಗೌಡರು ಅವಳ ಮುಖ ನೋಡದೆ, ತೆಗೆದುಕೊಳ್ಳಲು ಅಂಗೈ ಚಾಚಿದರು.

"ಕೈಯಾಗ ಕೊಡಂಗಿಲ್ರಿ" ಅಂದಳು. "ಒಮ್ಮೆ ಕೊಟ್ಟ ಕಂಡೇನಿ."

ಅವರ ಮುಂದೆ ಕುಳಿತು ಕೂಸಿನ ಮುಷ್ಟಿ ಬಿಡಿಸಿ, ಬೆರಳು ಮಡಚಿ, ಮೆಲ್ಲಗೆ ಬಳೆ ಇಟ್ಟಳು. ಎರಡೂ ಕೈಗೆ ಇಟ್ಟು ಮುಗಿಯಿತು. ಅವಳು ಏಳಲಿಲ್ಲ. ಕುಳಿತಲ್ಲೇ ಕುಳಿತು ನೋಡುತ್ತಿದ್ದಳು. ಸೋಬಾನೆ ಹಾಡುತ್ತಿದ್ದವರು ನಿಲ್ಲಿಸಿದರು. ಏನು ಉಳಿದಿದೆಯೆಂದು ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು.

"ಕೂಸಿಗೆ ಕೈ ಮುಗಿಯಾಕ ಬರಂಗಿಲ್ಲಲಾ" ಎಂದು ರೇಣುಕವ್ವ ಮೆಲ್ಲಗೆ ಅಂದರು.

ಗೌಡರು ಬಹಳ ಹೊತ್ತು ಕೂಸಿನ ಬಳೆಗಳನ್ನು ನೋಡಿದರು. ಆಮೇಲೆ ಅದನ್ನು ಎದೆಗೆ ಒತ್ತಿಕೊಂಡು, ಆ ಎರಡು ಪುಟ್ಟ ಕೈಗಳನ್ನು ತಮ್ಮ ದೊಡ್ಡ ಕೈಗಳೊಳಗೆ ಸೇರಿಸಿ ಜೋಡಿಸಿ, ರುಮಾಲಿನ ತಲೆಯನ್ನು ಮದೀನಾಬಿಯ ಮುಂದೆ ಬಾಗಿಸಿದರು.

ಮದೀನಾಬಿ ಸೆರಗಿನ ಗಂಟನ್ನು ಮತ್ತೆ ಬಿಚ್ಚಿ, ಕೂಸಿನ ಕೈಗೆ ಮೇಲೊಂದು ಬಳೆ ಇಟ್ಟಳು.